ತಾಯಿ ಕಾಯ್ದಿಟ್ಟ ದಿನಗಳು

ಮನುಷ್ಯನು ತನ್ನ ಬಾಳಿನ ಕಥೆಯನ್ನು ಎಷ್ಟೇ ವಿವರವಾಗಿ ಹೇಳಬಲ್ಲವನಾದರೂ ಅದರ ಮೊದಲ ಅಧ್ಯಾಯವನ್ನು ಮಾತ್ರ ತಾನೇ ಹೇಳಲಾರ. ಹುಟ್ಟಿದ ದಿನ ತನ್ನನ್ನು ಮೊದಲು ಎತ್ತಿಕೊಂಡ ಕೈ ಯಾರದು, ತನ್ನ ಮೊದಲ ಹಸಿವನ್ನು ತಣಿಸಿದವರು ಯಾರು, ನಡುರಾತ್ರಿಯ ತನ್ನ ಅಳುವಿಗೆ ಓಗೊಟ್ಟವರು ಯಾರು ಎಂಬುದು ಯಾರಿಗೂ ನೆನಪಿರುವುದಿಲ್ಲ. ಎರಡು ಮೂರು ವರ್ಷಕ್ಕೆ ಹಿಂದಿನ ಸಂಗತಿಗಳು ದೊಡ್ಡವರಾದ ಮೇಲೆ ಬಹುಮಟ್ಟಿಗೆ ಮನಸ್ಸಿನಲ್ಲಿ ಉಳಿಯುವುದಿಲ್ಲವೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಆದರೂ ಆ ದಿನಗಳು ಪೂರ್ಣವಾಗಿ ಅಳಿದುಹೋಗುವುದಿಲ್ಲ. ಅವು ಬೇರೊಬ್ಬರ ನೆನಪಿನಲ್ಲಿ, ಒಡವೆಯನ್ನು ಗಂಟುಕಟ್ಟಿ ಪೆಟ್ಟಿಗೆಯಲ್ಲಿ ಇಟ್ಟಂತೆ, ಜೋಪಾನವಾಗಿರುತ್ತವೆ. ಆ ಗಂಟನ್ನು ಕಾಯುವವಳು ಸಾಮಾನ್ಯವಾಗಿ ತಾಯಿ.

ಬೆಂಗಳೂರಿನ ಪೂರ್ವಭಾಗದಲ್ಲಿ ಇಂದಿರಾನಗರವೆಂಬ ಬಡಾವಣೆಯಿದೆ. ೧೯೭೦ರ ದಶಕದ ಕೊನೆಯ ವರ್ಷಗಳಲ್ಲಿ ರೂಪುಗೊಂಡ ಈ ಬಡಾವಣೆಯ ಒಂದು ಮಗ್ಗುಲಿಗೆ ಹಲಸೂರಿನ ಕೆರೆಯೂ ಪುರಾತನವಾದ ಸೋಮೇಶ್ವರ ದೇವಾಲಯವೂ ಇವೆ. ಇನ್ನೊಂದು ಮಗ್ಗುಲಿಗೆ ೧೯೪೦ರಲ್ಲಿ ಆರಂಭವಾದ ವಿಮಾನ ಕಾರ್ಖಾನೆಯಿದೆ. ಒಂದು ಕಾಲಕ್ಕೆ ಮರಗಳ ನೆರಳಿನ ಶಾಂತವಾದ ಮನೆಗಳಿಗೆ ಹೆಸರಾಗಿದ್ದ ಈ ಪ್ರದೇಶ ಇಂದು ಅಂಗಡಿಗಳಿಂದಲೂ ಕಚೇರಿಗಳಿಂದಲೂ ಕಿಕ್ಕಿರಿದಿದೆ. ಇಲ್ಲಿನ ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯ ಮೇಲೆ ಎತ್ತರದ ಕಂಬಗಳ ಸಾಲಿನಲ್ಲಿ, ೨೦೧೧ರ ಅಕ್ಟೋಬರ್ ೨೦ರಂದು ನಗರದ ಮೊದಲ ಮೆಟ್ರೋ ರೈಲು ಸಂಚಾರ ಪ್ರಾರಂಭಿಸಿತು. ಆ ರಸ್ತೆಗೆ ಬಂದು ಸೇರುವ ಅಡ್ಡರಸ್ತೆಯೊಂದರ ಮಹಡಿಯ ಮನೆಯಲ್ಲಿ, ೨೦೧೩ರ ಮಳೆಗಾಲದಲ್ಲಿ, ಹೊಸದಾಗಿ ತಾಯಿಯಾದವಳೊಬ್ಬಳು ತನ್ನ ಮಗುವಿನ ಮೊದಲ ವಾರಗಳನ್ನು ಕಳೆದಳು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮ ನಾಡಿನ ವಾಡಿಕೆ. ಆಕೆಯ ಪಾಲಿಗೆ ಅದು ಕೂಡಿಬರಲಿಲ್ಲ. ಎಂಟನೆಯ ತಿಂಗಳಿನಲ್ಲಿಯೇ ರಕ್ತದ ಒತ್ತಡ ಏರತೊಡಗಿದುದರಿಂದ ದೂರದ ಪ್ರಯಾಣ ಬೇಡವೆಂದು ವೈದ್ಯರು ತಿಳಿಸಿದರು. ಆದುದರಿಂದ ತವರೇ ಮಗಳ ಮನೆಗೆ ಬಂದಿತು. ಅರಸೀಕೆರೆಯ ಕಡೆಯ ಹಳ್ಳಿಯಿಂದ ಆಕೆಯ ತಾಯಿ ಎರಡು ಚೀಲಗಳನ್ನು ಹೊತ್ತು ರೈಲಿನಿಂದ ಇಳಿದರು. ಒಂದರಲ್ಲಿ ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿಯ ಸೀರೆಗಳು. ಇನ್ನೊಂದರಲ್ಲಿ ಹರಳೆಣ್ಣೆ, ಕೊಬ್ಬರಿ, ಮೆಣಸು, ಬಜೆ, ಸಾಂಬ್ರಾಣಿ. ಇವುಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಒಂದು ಬೆಳ್ಳಿಯ ಒಳಲೆಯೂ ಇದ್ದಿತು. ಮನೆಯ ಮೂರು ತಲೆಮಾರಿನ ಮಕ್ಕಳು ಅದರ ಮೂತಿಯಿಂದಲೇ ಹಾಲು ಕುಡಿದಿದ್ದರು.

ಮಗು ದಿನ ತುಂಬುವ ಮೊದಲೇ, ಮೂವತ್ತೈದನೆಯ ವಾರದಲ್ಲಿ, ಹುಟ್ಟಿತು. ಹೆಣ್ಣುಮಗು, ತೂಕ ಒಂದು ಕಿಲೋ ಒಂಬೈನೂರು ಗ್ರಾಂ. ಎರಡೂವರೆ ಕಿಲೋಗಿಂತ ಕಡಮೆ ತೂಕದ ಶಿಶುಗಳಿಗೆ ವಿಶೇಷವಾದ ಆರೈಕೆ ಅಗತ್ಯ. ಅಂತಹ ಶಿಶುವಿನ ಚರ್ಮದ ಕೆಳಗೆ ಕೊಬ್ಬು ಇಲ್ಲವೆಂಬಷ್ಟು ತೆಳುವಾಗಿರುವುದರಿಂದ ಮೈಯ ಬಿಸಿ ಬಹುಬೇಗ ಆರಿಹೋಗುತ್ತದೆ. ಹಾಲು ಚೀಪುವ ಶಕ್ತಿಯೂ ಕಡಮೆ. ಆಕೆ ಮಗುವನ್ನು ಮೊದಲ ಬಾರಿಗೆ ನೋಡಿದಾಗ ಹಿಗ್ಗಿಗಿಂತ ಮುಂಚೆ ಮನಸ್ಸಿಗೆ ಬಂದುದು ಭಯ. ಈ ಸಂಗತಿಯನ್ನು ಆಕೆ ಈಗಲೂ ಮರೆಮಾಚುವುದಿಲ್ಲ. ಅಂಗೈಯಗಲದ ಆ ಬೆನ್ನನ್ನು ಮುಟ್ಟಲು ತನ್ನ ಕೈ ಹಿಂಜರಿಯಿತು ಎನ್ನುತ್ತಾಳೆ.

ಅಜ್ಜಿ ಮೊಮ್ಮಗಳ ನಾಲಗೆಗೆ ಜೇನು ಮುಟ್ಟಿಸಲು ಬೆರಳನ್ನು ಮುಂದೆ ಚಾಚಿದಾಗ ದಾದಿ ಮೃದುವಾಗಿ ತಡೆದಳು. “ಬೇಡಿ ಅಜ್ಜಿ, ಈ ಮಗುವಿಗೆ ಈಗ ಜೇನೂ ಬೇಡ, ಸಕ್ಕರೆ ನೀರೂ ಬೇಡ. ತಾಯಿಯ ಮೊದಲ ಹಳದಿ ಹಾಲು ಒಂದೇ ಸಾಕು” ಎಂದಳು. ಹೆರಿಗೆಯಾದ ಮೊದಲ ದಿನಗಳಲ್ಲಿ ಬರುವ ಗಟ್ಟಿಯಾದ ಹಾಲಿನಲ್ಲಿ ರೋಗಗಳನ್ನು ಎದುರಿಸುವ ಅಂಶಗಳು ಹೇರಳವಾಗಿರುತ್ತವೆ. ಹಿಂದೆ ಅನೇಕ ಮನೆಗಳಲ್ಲಿ ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುತ್ತಿದ್ದರು. ಅಜ್ಜಿ ಏನೂ ಹೇಳದೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಅವರ ಮುಖ ಬಾಡಿದುದನ್ನು ಮಗಳು ಕಂಡಳು. ಆದರೆ ಮರುದಿನ ಮಗುವಿಗೆ ಚೀಪುವ ಶಕ್ತಿ ಸಾಲದೆಂದು ಕಂಡುಬಂದಾಗ, ಹಿಂಡಿದ ಹಾಲನ್ನು ಒಳಲೆಯಿಂದ ಕುಡಿಸಬೇಕೆಂದೂ ಬಾಟಲಿಯನ್ನು ಬಳಸಬಾರದೆಂದೂ ವೈದ್ಯರೇ ಸೂಚಿಸಿದರು. ಚೀಲದ ಒಳಲೆ ಕುದಿಯುವ ನೀರಿನಲ್ಲಿ ಮಿಂದು ಹೊರಗೆ ಬಂದಿತು. ಹಾಲನ್ನು ಹನಿಹನಿಯಾಗಿ, ಮಗು ನುಂಗುವುದನ್ನು ನೋಡಿ ನೋಡಿ ಕುಡಿಸುವ ಹದವನ್ನು ಅಜ್ಜಿ ಮಗಳಿಗೆ ಕಲಿಸಿದರು. ಅವರ ಕೈ ಒಮ್ಮೆಯೂ ನಡುಗಲಿಲ್ಲ.

ಮೂರನೆಯ ದಿನ ಮಗುವಿನ ಮೈ ಹಳದಿಯಾಯಿತು. ನವಜಾತ ಶಿಶುಗಳ ಕಾಮಾಲೆ ಸಾಮಾನ್ಯವಾದುದೇ ಆದರೂ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಅದು ಮಿತಿಮೀರದಂತೆ ನೋಡಿಕೊಳ್ಳಬೇಕು. ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ ಎರಡು ದಿನ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಈ ಚಿಕಿತ್ಸೆಯ ಹಿಂದೆ ಒಬ್ಬ ದಾದಿಯ ಸೂಕ್ಷ್ಮದೃಷ್ಟಿ ಇದೆ. ೧೯೫೬ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬಾಕೆ ಹಳದಿಯಾದ ಶಿಶುಗಳನ್ನು ಬಿಸಿಲಿಗೆ ಒಯ್ಯುತ್ತಿದ್ದಳು. ಬಿಸಿಲು ಬಿದ್ದ ಕಡೆ ಹಳದಿ ಮಾಸಿ, ಬಟ್ಟೆ ಮುಚ್ಚಿದ ಕಡೆ ಹಾಗೆಯೇ ಉಳಿದುದನ್ನು ಗಮನಿಸಿ ಆಕೆ ವೈದ್ಯರಿಗೆ ತೋರಿಸಿದಳು. ಎರಡು ವರ್ಷಗಳಲ್ಲಿ ಆ ಗಮನಿಕೆ ಶಾಸ್ತ್ರೀಯ ಚಿಕಿತ್ಸೆಯಾಗಿ ಪ್ರಕಟವಾಯಿತು. ನೀಲಿ ಬೆಳಕಿನಲ್ಲಿ ಒಂಟಿಯಾಗಿ ಮಲಗಿದ ಕೂಸನ್ನು ಗಾಜಿನಾಚೆಯಿಂದ ನೋಡುತ್ತ ನಿಂತ ತಾಯಿಗೆ ಇದಾವುದೂ ತಿಳಿದಿರಲಿಲ್ಲ. ನಾಲ್ಕನೆಯ ದಿನ ಆಕೆಗೆ ಕಾರಣವಿಲ್ಲದೆ ಅಳು ಬಂದಿತು, ತಡೆದಷ್ಟೂ ಹೆಚ್ಚಾಯಿತು. ವಯಸ್ಸಾದ ದಾದಿಯೊಬ್ಬಳು ಪಕ್ಕದಲ್ಲಿ ಕುಳಿತು, “ಅಳಿಯಮ್ಮ, ಈ ದಿನಗಳಲ್ಲಿ ಅನೇಕರಿಗೆ ಹೀಗಾಗುತ್ತದೆ. ಹದಿನೈದು ದಿನ ಕಳೆದರೂ ನಿಲ್ಲದಿದ್ದರೆ ಮಾತ್ರ ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು” ಎಂದಳು. ಅಳುವುದಕ್ಕೂ ಅನುಮತಿ ದೊರೆತ ಆ ಗಳಿಗೆಯಲ್ಲಿ ಎದೆಯ ಭಾರ ಅರ್ಧ ಇಳಿಯಿತಂತೆ.

ಮಗುವಿನ ತೂಕ ಐದನೆಯ ದಿನಕ್ಕೆ ಒಂದು ಕಿಲೋ ಏಳುನೂರ ಅರವತ್ತು ಗ್ರಾಮಿಗೆ ಇಳಿಯಿತು. ಹುಟ್ಟಿದ ಮೇಲೆ ಎಲ್ಲ ಶಿಶುಗಳ ತೂಕವೂ ಮೊದಲು ಸ್ವಲ್ಪ ಇಳಿದು, ಎರಡನೆಯ ವಾರದ ಹೊತ್ತಿಗೆ ಮತ್ತೆ ಮೊದಲಿನಷ್ಟಾಗುವುದು ಪ್ರಕೃತಿಯ ನಿಯಮ. ಆದರೆ ಇರುವುದೇ ಅಲ್ಪವಾದಾಗ ಪ್ರತಿಯೊಂದು ಗ್ರಾಮೂ ಪ್ರಾಣದಂತೆ ಕಾಣುತ್ತದೆ. ಆಗ ವೈದ್ಯರು ಒಂದು ಉಪಾಯವನ್ನು ಹೇಳಿಕೊಟ್ಟರು. ಮಗುವಿಗೆ ಕುಲಾವಿ ತೊಡಿಸಿ, ಉಡುಪು ಬಿಚ್ಚಿ, ತಾಯಿಯ ಬರಿಯ ಎದೆಗೆ ನೇರವಾಗಿ ಆನಿಸಿ, ಮೇಲೆ ಬಟ್ಟೆಯಿಂದ ಭದ್ರವಾಗಿ ಕಟ್ಟಿಕೊಳ್ಳಬೇಕು. ದಿನದಲ್ಲಿ ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಹಾಗೆಯೇ ಇರಬೇಕು. ತಾಯಿಯ ಮೈಯ ಬಿಸಿಯೇ ಮಗುವನ್ನು ಕಾಯುತ್ತದೆ. ಇದಕ್ಕೆ ಕಾಂಗರೂ ಆರೈಕೆ ಎಂದು ಹೆಸರು.

ಈ ವಿಧಾನ ಹುಟ್ಟಿದುದು ಬಡತನದಿಂದ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ ಒಂದೊಂದರಲ್ಲಿ ಹಲವು ಶಿಶುಗಳನ್ನು ಮಲಗಿಸಬೇಕಾಗಿತ್ತು. ಸೋಂಕು ಒಂದರಿಂದ ಇನ್ನೊಂದಕ್ಕೆ ಹರಡುತ್ತಿತ್ತು. ೧೯೭೮ರಲ್ಲಿ ಎಡ್ಗಾರ್ ರೇ ಸನಾಬ್ರಿಯಾ ಎಂಬ ವೈದ್ಯರು ಶಿಶುಗಳನ್ನು ಅವುಗಳ ತಾಯಂದಿರ ಎದೆಗೇ ಒಪ್ಪಿಸುವ ಕ್ರಮವನ್ನು ಆರಂಭಿಸಿದರು. ಮುಂದೆ ಅದು ಜಗತ್ತಿಗೆಲ್ಲ ಹರಡಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದೊಡನೆ ಸೇರಿ ಅದನ್ನು ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ರೂಢಿಗೆ ತರಲು ಶ್ರಮಿಸಿದೆ. ಅವಧಿಗೆ ಮುನ್ನ ಹುಟ್ಟಿದ ಅಥವಾ ತೂಕ ಕಡಮೆಯಿರುವ ಶಿಶುಗಳಿಗೆ ಹುಟ್ಟಿದ ಕೂಡಲೇ ಈ ಆರೈಕೆಯನ್ನು ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಸಲಹೆ ನೀಡಿತು.

ಒಂಬತ್ತನೆಯ ದಿನ ತಾಯಿಮಗುವನ್ನು ಮನೆಗೆ ಕಳುಹಿಸಿದರು. ಅಂದಿನಿಂದ ಮನೆಯಲ್ಲಿ ಮೂರು ಎದೆಗಳು ಸರದಿಯ ಮೇಲೆ ಮಗುವನ್ನು ಕಾಯತೊಡಗಿದವು. ತಾಯಿ ಊಟಕ್ಕೂ ಸ್ನಾನಕ್ಕೂ ಏಳುವಾಗ ತಂದೆ ಅಂಗಿಯ ಗುಂಡಿಗಳನ್ನು ಬಿಚ್ಚಿ ಕುರ್ಚಿಗೆ ಒರಗುತ್ತಿದ್ದ. ಕೆಮ್ಮು ಬಂದರೂ ಕೆಮ್ಮದೆ ಕುಳಿತಿರುತ್ತಿದ್ದ. ರಾತ್ರಿಯ ಎರಡನೆಯ ಜಾವವನ್ನು ಅಜ್ಜಿ ವಹಿಸಿಕೊಂಡರು. ಅಂದು ರಾತ್ರಿ ಮಾತ್ರ ಅವರು ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಹಾಲೂಡುವ ಹೊತ್ತಿನಲ್ಲಿ ಕೊಟ್ಟು ಮತ್ತೆ ಕೂಡಲೆ ತೆಗೆದುಕೊಂಡರು. “ಅಮ್ಮ, ಸ್ವಲ್ಪ ಮಲಗು. ನಿನಗೂ ಸುಸ್ತಾಗಿದೆ” ಎಂದು ಮಗಳು ಬೇಡಿಕೊಂಡಾಗ ಅವರು ಬಹಳ ಹೊತ್ತು ಸುಮ್ಮನಿದ್ದು ಹೀಗೆಂದರು:

“ನಿನಗಿಂತ ಮೊದಲು ಒಂದು ಕೂಸು ಇತ್ತು, ಮಗಳೇ. ಗಂಡುಕೂಸು. ಇದರಷ್ಟೇ ಇತ್ತು. ಮಾರ್ಗಶಿರದ ಚಳಿ. ಒಂಬತ್ತು ದಿನ ಬದುಕಿತ್ತು. ಹೆಸರಿಡುವುದಕ್ಕೆ ಇನ್ನೆರಡೇ ದಿನ ಉಳಿದಿತ್ತು.”

ಅದು ೧೯೮೦ರ ಮಾತು. ಹಳ್ಳಿಯ ಮನೆಯಲ್ಲಿ ಹೆರಿಗೆಯಾಗಿತ್ತು. ಕೂಸಿಗೆ ಹಾಲು ಚೀಪಲು ಬರಲಿಲ್ಲ. ಹಿರಿಯರು ತಮಗೆ ತಿಳಿದುದನ್ನೆಲ್ಲ ಮಾಡಿದರು. ಮೊದಲ ಹಾಲನ್ನು ಚೆಲ್ಲಿದರು, ಸಕ್ಕರೆ ನೀರು ಕುಡಿಸಿದರು, ಬಾಣಂತಿಗೆ ವಿಶ್ರಾಂತಿ ಬೇಕೆಂದು ಕೂಸನ್ನು ಬೇರೆಯಾಗಿ ಬಟ್ಟೆ ಸುತ್ತಿ ಮಲಗಿಸಿದರು. ಅವರ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಇದ್ದುದು ತಿಳಿವಳಿಕೆಯ ಕೊರತೆ. ಬೊಗೊಟಾದ ವೈದ್ಯರು ತಾಯಿಯ ಎದೆಯ ಬಿಸಿಯನ್ನು ಔಷಧವಾಗಿ ಬಳಸತೊಡಗಿ ಆಗ ಎರಡು ವರ್ಷಗಳಾಗಿದ್ದವು. ಆ ಸುದ್ದಿ ಅರಸೀಕೆರೆಯ ಹಳ್ಳಿಗೆ ಬರುವುದು ಹೇಗೆ? ೧೯೮೧ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ೧೧೦ ಮಕ್ಕಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲ ತಿಂಗಳನ್ನೂ ಕಾಣಲಿಲ್ಲ. ೨೦೨೦ರ ಹೊತ್ತಿಗೆ ಆ ಸಂಖ್ಯೆ ೨೮ಕ್ಕೆ ಇಳಿಯಿತು. ಲೆಕ್ಕದ ಪುಸ್ತಕದಲ್ಲಿ ಇವು ಬರಿಯ ಅಂಕಿಗಳು. ಆ ರಾತ್ರಿ ಇಂದಿರಾನಗರದ ಕೋಣೆಯಲ್ಲಿ ಆ ನೂರ ಹತ್ತರಲ್ಲಿ ಒಂದಕ್ಕೆ ಮುಖ ಮೂಡಿತು.

“ಅದರ ಬಲಗಿವಿಯ ಹಿಂದೆ ಎಳ್ಳಿನಷ್ಟು ಒಂದು ಮಚ್ಚೆಯಿತ್ತು” ಎಂದರು ಅಜ್ಜಿ. “ಅದನ್ನು ನೋಡಿದ್ದವರೆಲ್ಲ ಹೋದರು. ಬಲ್ಲವಳು ನಾನೊಬ್ಬಳೇ. ನಾನೂ ಹೋದರೆ ಅದು ಹುಟ್ಟಿಯೇ ಇರಲಿಲ್ಲ ಎಂದಾಗುತ್ತದೆ.”

ಮಗಳಿಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬೆಳೆದು, ಒಂದೇ ತಟ್ಟೆಯಲ್ಲಿ ಉಂಡು, ತಾಯಿಯ ಮನಸ್ಸಿನ ಈ ಮೂಲೆಯನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ. “ಈಗ ನನಗೂ ಗೊತ್ತು, ಅಮ್ಮ” ಎಂದಷ್ಟೇ ಹೇಳಿದಳು. ಜೇನಿನ ಬೆರಳನ್ನು ಹಿಂದೆಗೆದಾಗ ಆ ಮುಖ ಬಾಡಿದುದೇಕೆ, ಒಳಲೆ ಹಿಡಿದ ಕೈ ನಡುಗದುದೇಕೆ ಎಂಬುದು ಆಕೆಗೆ ಆಗ ಅರ್ಥವಾಯಿತು. ಹೊರಗೆ ಬೆಳಗಿನ ಮೊದಲ ಮೆಟ್ರೋ ರೈಲು ಹಾದುಹೋದ ಸದ್ದು ಕೇಳಿತು. ಒಂಬತ್ತನೆಯ ದಿನದ ರಾತ್ರಿ ಮುಗಿದಿತ್ತು. ಮಗು ಅಜ್ಜಿಯ ಎದೆಯ ಮೇಲೆ ಬೆಚ್ಚಗೆ ಉಸಿರಾಡುತ್ತಿತ್ತು. ಹನ್ನೊಂದನೆಯ ದಿನ ನೆಂಟರಿಷ್ಟರ ಗದ್ದಲವಿಲ್ಲದೆ, ಮನೆಯವರಷ್ಟೇ ಸೇರಿ, ಮಗುವಿನ ಕಿವಿಯಲ್ಲಿ ಹೆಸರನ್ನು ಮೂರು ಬಾರಿ ಉಸುರಿದರು.

ಮುಂದಿನ ದಿನಗಳು ಹಾಲು, ನಿದ್ದೆ, ಬಟ್ಟೆ ಇವಿಷ್ಟರಲ್ಲಿಯೇ ಉರುಳಿದವು. ಅಜ್ಜಿ ಮಗಳಿಗೆ ಮೆಣಸಿನ ಸಾರು, ಬೆಳ್ಳುಳ್ಳಿಯ ಒಗ್ಗರಣೆ, ಸಬ್ಬಸಿಗೆ ಸೊಪ್ಪಿನ ಪಲ್ಯ ಮಾಡಿ ಬಡಿಸಿದರು. ಆಕೆಯ ತಲೆಗೆ ಬಟ್ಟೆ ಕಟ್ಟಿದರು. ನೀರು ಹೆಚ್ಚು ಕುಡಿಯಬಾರದೆಂಬ ಹಳೆಯ ಕಟ್ಟಳೆಯನ್ನು ಮಾತ್ರ ವೈದ್ಯರ ಮಾತಿನಂತೆ ಅವರೇ ಕೈಬಿಟ್ಟರು. ಸಾಂಬ್ರಾಣಿಯ ಹೊಗೆಯನ್ನು ಮಗುವಿನ ಹತ್ತಿರಕ್ಕೆ ತರಲಿಲ್ಲ. ಕೆನ್ನೆಯ ದೃಷ್ಟಿಬೊಟ್ಟಿಗೆ ಯಾರ ಅಡ್ಡಿಯೂ ಇರಲಿಲ್ಲ. ಮಗುವಿಗೆ ಎಣ್ಣೆ ಒತ್ತಿ ನೀರೆರೆಯಲು ಹಲಸೂರಿನಿಂದ ಬರಬೇಕಾಗಿದ್ದ ಹೆಂಗಸು, ತೂಕ ಎರಡೂವರೆ ಕಿಲೋ ಆಗುವವರೆಗೆ ಕಾಯಬೇಕಾಯಿತು. ಐದನೆಯ ವಾರದ ಕೊನೆಗೆ ಆ ದಿನ ಬಂದಿತು. ಆಕೆ ಕಾಲು ನೀಡಿ ಕುಳಿತು ಮಗುವನ್ನು ಮೊಣಕಾಲಿನ ಕೆಳಗೆ ಮಲಗಿಸಿಕೊಂಡು, ತಮಿಳು ಬೆರೆತ ಕನ್ನಡದಲ್ಲಿ ಮಾತಾಡಿಸುತ್ತ ನೀರೆರೆದಳು. ಮಗು ಕೂಗಿ ಕೂಗಿ ಅತ್ತಿತು. ಅಷ್ಟು ಗಟ್ಟಿಯಾದ ಅಳುವನ್ನು ಕೇಳಿ ಮನೆಯವರೆಲ್ಲರೂ ನಕ್ಕರು.

ಈ ವಾರಗಳಲ್ಲಿ ಮಗು ಸುಮ್ಮನೆ ಮಲಗಿರುವ ಮಾಂಸದ ಮುದ್ದೆಯಲ್ಲವೆಂಬುದನ್ನು ಆಕೆ ದಿನದಿನವೂ ಕಂಡುಕೊಂಡಳು. ಎಳೆಯ ಶಿಶುವಿಗೆ ಸುಮಾರು ಒಂದು ಗೇಣಿನಷ್ಟು ದೂರದಲ್ಲಿರುವುದು ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ಹಾಲೂಡುವ ತಾಯಿಯ ಮುಖವೂ ಮಗುವಿನ ಕಣ್ಣೂ ಇರುವುದು ಅಷ್ಟೇ ದೂರದಲ್ಲಿ. ಹುಟ್ಟಿದ ಎರಡು ಮೂರು ದಿನಗಳಲ್ಲಿಯೇ ಶಿಶು ಇತರ ಹೆಂಗಸರ ಧ್ವನಿಗಿಂತ ತನ್ನ ತಾಯಿಯ ಧ್ವನಿಗೆ ಹೆಚ್ಚು ಒಲಿಯುತ್ತದೆ ಎಂಬುದನ್ನು ೧೯೮೦ರಲ್ಲಿ ಅಮೆರಿಕದಲ್ಲಿ ನಡೆದ ಪ್ರಯೋಗ ತೋರಿಸಿಕೊಟ್ಟಿತು. ಬೆರಳನ್ನು ಕೊಟ್ಟರೆ ಮಗು ಬಿಗಿಯಾಗಿ ಹಿಡಿಯುತ್ತಿತ್ತು. ಮೊದಲ ವಾರಗಳಲ್ಲಿ ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಏಳನೆಯ ವಾರದ ಒಂದು ಬೆಳಿಗ್ಗೆ ತಾಯಿಯ ಮುಖವನ್ನು ನೋಡಿ, ನೋಡಿಯೇ, ಅದು ನಕ್ಕಿತು.

ಆಕೆ ಆ ದಿನಗಳಲ್ಲಿ ಒಂದು ನೋಟುಪುಸ್ತಕ ಇಟ್ಟಿದ್ದಳು. ಹಾಲು ಕುಡಿಸಿದ ಹೊತ್ತು, ಪ್ರಮಾಣ, ತೂಕ ಇವನ್ನು ಅದರಲ್ಲಿ ಬರೆಯುತ್ತಿದ್ದಳು. ವರ್ಷಗಳಾದ ಮೇಲೆ ಅದನ್ನು ತೆರೆದಾಗ ಆಕೆಗೆ ಆಶ್ಚರ್ಯ ಕಾದಿತ್ತು. ಆ ವಾರಗಳಲ್ಲೆಲ್ಲ ಎಡೆಬಿಡದೆ ಮಳೆ ಸುರಿಯಿತೆಂದು ಆಕೆಯ ನೆನಪು ಹೇಳುತ್ತಿತ್ತು; “ಮಳೆ, ಬಟ್ಟೆ ಒಣಗಲಿಲ್ಲ” ಎಂದು ಪುಸ್ತಕದಲ್ಲಿ ಬರೆದಿದ್ದುದು ಮೂರೇ ದಿನ. ಆದರೆ ಅಜ್ಜಿ ಎಚ್ಚರವಾಗಿದ್ದ ಒಂಬತ್ತನೆಯ ರಾತ್ರಿಯ ಪುಟದಲ್ಲಿ ಹಾಲಿನ ಲೆಕ್ಕದ ಹೊರತು ಬೇರೇನೂ ಇರಲಿಲ್ಲ. ಪುಸ್ತಕವು ಗ್ರಾಮುಗಳನ್ನು ತಪ್ಪಿಲ್ಲದೆ ಇಟ್ಟುಕೊಂಡಿತ್ತು. ಎಳ್ಳಿನಷ್ಟು ಮಚ್ಚೆಯನ್ನು ಇಟ್ಟುಕೊಂಡುದು ಮನಸ್ಸು.

ಆ ಮಗು ಈಗ ಶಾಲೆಗೆ ಹೋಗುವ ಹುಡುಗಿ. ತನ್ನ ಎಡತೋಳಿನ ಮೇಲಿನ ಸಣ್ಣ ಕಲೆ ಎಲ್ಲಿಂದ ಬಂದಿತೆಂದು ಅವಳೊಮ್ಮೆ ಕೇಳಿದಳು. ಕ್ಷಯರೋಗದಿಂದ ಕಾಪಾಡಲು ಹಸುಗೂಸಿಗೆ ಹಾಕುವ ಬಿ.ಸಿ.ಜಿ. ಲಸಿಕೆಯ ಗುರುತು ಅದು. ೧೯೨೧ರಲ್ಲಿ ಪ್ಯಾರಿಸ್ಸಿನಲ್ಲಿ ಆ ಲಸಿಕೆಯನ್ನು ಮೊದಲು ಪಡೆದುದು, ಕ್ಷಯದಿಂದ ತಾಯಿಯನ್ನು ಕಳೆದುಕೊಂಡ ನವಜಾತ ಶಿಶು. ತಾಯಿ ಅಲ್ಲಿಂದ ಆರಂಭಿಸಿ ನೀಲಿ ಬೆಳಕು, ಒಳಲೆ, ಮೂರು ಎದೆಗಳ ಸರದಿ ಎಲ್ಲವನ್ನೂ ಹೇಳಿದಳು. ಕೊನೆಗೆ ಹೆಸರಿಲ್ಲದೆ ಹೋದ ಸೋದರಮಾವನ ವಿಷಯವನ್ನೂ ಹೇಳಿದಳು. ಹುಡುಗಿ ತನ್ನ ಬಲಗಿವಿಯ ಹಿಂದೆ ಕೈಯಾಡಿಸಿಕೊಂಡು, “ಇಲ್ಲಿಯೇ?” ಎಂದು ಕೇಳಿದಳು. ಹೀಗೆ ಅವನನ್ನು ಬಲ್ಲವರು ಮೂವರಾದರು.

ಮೊದಲ ವಾರಗಳಿಂದ ನಮ್ಮ ಮೈಮೇಲೆ ಉಳಿಯುವ ಗುರುತುಗಳು ಬಹಳವಲ್ಲ. ಹೊಕ್ಕುಳು ಒಂದು, ಬಹುಮಂದಿಯ ಎಡತೋಳಿನ ಆ ಕಲೆ ಇನ್ನೊಂದು. ಉಳಿದುದನ್ನೆಲ್ಲ ಕಾಯುವವರು ತಾಯಿ, ತಂದೆ, ಅಜ್ಜಿ, ನೀರೆರೆದ ನೆರೆಯಾಕೆ. ಅವರು ತಾವಾಗಿ ಹೇಳುವುದು ಅಪರೂಪ. ಅದು ಹೇಳಬೇಕಾದ ವಿಷಯವೆಂದೇ ಅನೇಕರಿಗೆ ತೋರುವುದಿಲ್ಲ. ಕೇಳಿದವರಿಗೆ ಮಾತ್ರ ಆ ಗಂಟು ಬಿಚ್ಚಿಕೊಳ್ಳುತ್ತದೆ. ಆ ಗಂಟಿನಲ್ಲಿ ನಮ್ಮ ಕಥೆಯಷ್ಟೇ ಅಲ್ಲದೆ ನಮಗಿಂತ ಮೊದಲು ಬಂದು ಹೋದವರ ಕಥೆಯೂ ಇರಬಹುದು.